ಲೇಟೆಕ್ ಸಿವಿಯೂ ನಮ್ಮ ಇನಿಶಿಯಲ್ಲೂ

ವಾಷಿಂಗ್ಟನ್ನಿನ ಕಾವೇರಿ, ಅಟ್ಲಾಂಟಾದ ನೃಪತುಂಗ, ರಾಲೀ ಕಡೆಯ ಸಂಪಿಗೆ, ಯಾವ ಕನ್ನಡ ಕೂಟದ ಯುಗಾದಿ ಊಟಕ್ಕೆ ಹೋದ್ರೂ ಸಾಲಿನಲ್ಲಿ ಸಾಫ್ಟ್‌ವೇರ್ ಮಂದಿ ಬಿಟ್ರೆ ಸಿಗೋದು ಪಿಎಚ್‌ಡಿ ಮಾಡ್ತಿರೋರು, ಪೋಸ್ಟ್‌ಡಾಕ್ ಮಾಡ್ತಿರೋರು. ಸಿಗದೆ ಏನು? ಕೆಳಗೆ ಜಾರ್ಜಿಯಾ ಟೆಕ್, ಎಮೊರಿ. ನಡುವೆ ಡ್ಯೂಕ್, ಚಾಪೆಲ್ ಹಿಲ್, ಎನ್‌ಸಿ ಸ್ಟೇಟ್. ಮೇಲೆ ಮೇರಿಲ್ಯಾಂಡ್ ವಿಶ್ವವಿದ್ಯಾಲಯ, ಬೆಥೆಸ್ಡಾದ ಎನ್‌ಐಎಚ್. ಇವರೆಲ್ಲ ನನ್ನಂಥ ಸಾಫ್ಟ್‌ವೇರಿನವರ ಹತ್ರ ಕೇಳೋದು ಒಂದೇ: "ಸಿವಿನ ಲೇಟೆಕ್‌ನಲ್ಲಿ ಮಾಡ್ಬೇಕಂತೆ, ಒಂದು ಒಳ್ಳೆ ಟೆಂಪ್ಲೇಟ್ ಇದ್ರೆ ಹೇಳ್ರೀ."

ಟೆಂಪ್ಲೇಟ್‌ಗಳಿಗೇನು ಬರ ಇಲ್ಲ. ನಮ್ಮವರ ಸಿವಿ ಎಡವೋದು ಹೆಸರಿನ ಹತ್ರ. ಅದಕ್ಕೆ ಆಮೇಲೆ ಬರ್ತೀನಿ, ಮೊದಲು ಬಯೋಡೇಟಾದ ಕಥೆ ಮುಗಿಸಿಬಿಡೋಣ.

ಊರಲ್ಲಿ ಕ್ಯಾಂಪಸ್ ಇಂಟರ್‌ವ್ಯೂಗೆ ನಾವೆಲ್ಲ ಬರೆದ ಬಯೋಡೇಟಾ ನೆನಪಿದೆಯಲ್ಲ? ತಂದೆ ಹೆಸರು, ಹುಟ್ಟಿದ ದಿನ, ಮದುವೆ ಆಗಿದೆಯೋ ಇಲ್ವೋ, ಮೂಲೆಯಲ್ಲಿ ಪಾಸ್‌ಪೋರ್ಟ್ ಸೈಜ್ ಫೋಟೋ, ಕೊನೆಗೆ "ಮೇಲಿನದೆಲ್ಲ ನನಗೆ ತಿಳಿದ ಮಟ್ಟಿಗೆ ಸತ್ಯ" ಅಂತ ಪ್ರಮಾಣ ಮಾಡಿ ಸಹಿ. ಇದ್ಯಾವುದೂ ಇಲ್ಲಿ ಬೇಡ. ಜನಾಂಗ, ಧರ್ಮ, ಲಿಂಗ ನೋಡಿ ಕೆಲಸ ನಿರಾಕರಿಸಬಾರದು ಅನ್ನೋ ಕಾನೂನು 1964ರಲ್ಲಿ ಬಂತು, ವಯಸ್ಸಿನದು 1967ರಲ್ಲಿ. ನೀವಾಗೇ ಹುಟ್ಟಿದ ದಿನ, ಫೋಟೋ ಕೊಟ್ಟರೆ ಆಯ್ಕೆ ಸಮಿತಿಯವರಿಗೇ ಇರುಸುಮುರುಸು. ಇನ್ನು ಕಂಪನಿಗೆ ಕಳಿಸೋ ರೆಸ್ಯುಮೆ ಒಂದೆರಡು ಪುಟಕ್ಕೆ ಮುಗೀಬೇಕು. ಪ್ರಾಧ್ಯಾಪಕರ ಹುದ್ದೆಗೆ ಹಾಕೋ ಸಿವಿಗೆ ಆ ಮಿತಿ ಇಲ್ಲ. ಮಾಡಿದ ಪಾಠ, ಬರೆದ ಪೇಪರು, ಕೊಟ್ಟ ಭಾಷಣ ಎಲ್ಲ ಅದರಲ್ಲಿ ಇರಬೇಕು, ವರ್ಷ ವರ್ಷ ಬೆಳೀತಾ ಹೋಗಬೇಕು.

ಹೀಗೆ ಬೆಳೆಯೋ ಕಾಗದಕ್ಕೇ ಲೇಟೆಕ್ ಸರಿ. ಡೊನಾಲ್ಡ್ ಕನೂತ್ 1977ರಲ್ಲಿ ತಮ್ಮ ಪುಸ್ತಕದ ಪ್ರೂಫ್ ನೋಡಿ, ಅಕ್ಷರಗಳು ಒಂಚೂರೂ ಹಿಡಿಸದೆ, ಬೇರೆಲ್ಲ ಬದಿಗಿಟ್ಟು ಟೆಕ್ ಬರೆಯೋಕೆ ಕೂತರು. 1980ರ ದಶಕದಲ್ಲಿ ಲೆಸ್ಲಿ ಲ್ಯಾಂಪೋರ್ಟ್ ಅದರ ಮೇಲೆ ಲೇಟೆಕ್ ಕಟ್ಟಿದರು. (ನಮಗೇನೂ ಇದು ಅನ್ಯವಲ್ಲ. ಸಿ. ಎಸ್. ಯೋಗಾನಂದ ಅವರ ಶ್ರೀರಂಗ ಡಿಜಿಟಲ್ ಶ್ರೀರಂಗಪಟ್ಟಣದಲ್ಲಿ ಕೂತು ಟೆಕ್‌ನಲ್ಲೇ ಕನ್ನಡ ಪುಸ್ತಕಗಳಿಗೆ ಅಕ್ಷರ ಜೋಡಿಸಿದೆ.) ನೀವು ಬರೆಯೋದು ಬರೀ ಅಕ್ಷರಗಳ ಫೈಲು, ನೋಟ್‌ಪ್ಯಾಡ್‌ನಲ್ಲೂ ತೆಗೀಬಹುದು. ಇದು ತಲೆಬರಹ, ಇದು ಪಟ್ಟಿ ಅಂತ ಗುರುತು ಹಾಕಿದ್ರೆ ಸಾಕು, ಪುಟದ ಅಂದಚೆಂದ ಅದರ ಪಾಡು. ವರ್ಡ್‌ನಲ್ಲಿ ಆರನೇ ಪುಟದ ಒಂದು ಬುಲೆಟ್ ಸರಿಸಿದ್ರೆ ಒಂಬತ್ತನೇ ಪುಟ ಕುಣಿಯುತ್ತಲ್ಲ, ಆ ತಲೆನೋವು ಇಲ್ಲ. ಕಂಪ್ಯೂಟರಿಗೆ ಏನನ್ನೂ ಹಾಕ್ಕೊಳ್ಳದೆ ಬ್ರೌಸರಿನಲ್ಲೇ ಮಾಡೋಕೆ ಓವರ್‌ಲೀಫ್ ಇದೆ.

ಒಂದು ಉಂಟು. ಲೇಟೆಕ್‌ಗೆ % ಅಂದ್ರೆ "ಇಲ್ಲಿಂದ ಸಾಲಿನ ಕೊನೆವರೆಗೆ ಓದಬೇಡ" ಅಂತ ಅರ್ಥ. ನಮ್ಮ ವಿದ್ಯಾಭ್ಯಾಸವೆಲ್ಲ ಪರ್ಸೆಂಟೇಜಿನ ಮೇಲೇ ನಿಂತಿದ್ದು! "ಬಿಇ, ವಿಟಿಯು, 84%, ಫಸ್ಟ್ ಕ್ಲಾಸ್ ವಿತ್ ಡಿಸ್ಟಿಂಕ್ಷನ್" ಅಂತ ಬರೆದ್ರೆ ಪಿಡಿಎಫ್‌ನಲ್ಲಿ 84 ಉಳಿಯುತ್ತೆ, ಡಿಸ್ಟಿಂಕ್ಷನ್ ಮಾಯ. ಎರರ್ ಕೂಡ ಕೊಡಲ್ಲ, ಅದೇ ಅಪಾಯ. ಚಿಹ್ನೆಯ ಹಿಂದೆ ಒಂದು ಬ್ಯಾಕ್‌ಸ್ಲ್ಯಾಶ್ ಹಾಕಿ. ವಿಭಾಗದ ಹೆಸರಿನ &ಗೂ ಇಮೇಲ್ ವಿಳಾಸದ ಅಂಡರ್‌ಸ್ಕೋರ್‌ಗೂ ಅದೇ ಮದ್ದು.

ಪ್ರತಿಯೊಂದು ಭಾಗವನ್ನೂ ಬೇರೆ ಬೇರೆ ಫೈಲಿನಲ್ಲಿಡಿ: ಪಾಠದ್ದು ಒಂದು, ಪ್ರಕಟಣೆಗಳದ್ದು ಒಂದು. ಮುಖ್ಯ ಫೈಲಿನಲ್ಲಿ ಅವನ್ನ ಕರೆಯೋ ನಾಲ್ಕೈದು ಸಾಲು ಇದ್ರೆ ಆಯ್ತು. ಯಾಕಂದ್ರೆ ಜಾರ್ಜಿಯಾ ಟೆಕ್‌ಗೆ ಕಳಿಸೋವಾಗ ಪ್ರಕಟಣೆಗಳು ಮುಂದೆ ಇರಬೇಕು. ಅದೇ ನಾರ್ತ್ ಕ್ಯಾರೊಲೈನಾದ ಡೇವಿಡ್‌ಸನ್ ಅಥವಾ ಸೌತ್ ಕ್ಯಾರೊಲೈನಾದ ಫರ್ಮನ್ ಥರದ ಕಾಲೇಜಿಗೆ ಹಾಕೋರು ಪಾಠ ಮಾಡಿದ ಅನುಭವವನ್ನ ಮೇಲಕ್ಕೆ ತರೋದು ಒಳ್ಳೇದು. ಎರಡು ಸಾಲು ಅದಲುಬದಲು ಮಾಡಿದ್ರೆ ಇನ್ನೊಂದು ಸಿವಿ ತಯಾರು.

ಈಗ ಹೆಸರು. ಮಂಜುನಾಥ ಎಸ್ ಆರ್ ಅಂತ ಒಬ್ಬರು ಅಂದ್ಕೊಳ್ಳಿ. ಎಸ್ ಅಂದ್ರೆ ಊರು, ಶಿಕಾರಿಪುರ. ಆರ್ ಅಂದ್ರೆ ಅಪ್ಪ, ರಾಮಪ್ಪ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಮಂಜುನಾಥ ಎಸ್ ಆರ್. ಪಾಸ್‌ಪೋರ್ಟ್ ಮಾಡಿಸುವಾಗ ಇನಿಶಿಯಲ್ ಬಿಡಿಸಿ ಬರೆದು ಸರ್‌ನೇಮ್ ಜಾಗದಲ್ಲಿ ಶಿಕಾರಿಪುರ ರಾಮಪ್ಪ. ಇಲ್ಲಿಗೆ ಬಂದ ಮೇಲೆ ಡಾಕ್ಟರ್ ರಾಮಪ್ಪ, ಅಂದ್ರೆ ಊರಲ್ಲಿ ತೋಟ ನೋಡ್ಕೊಂಡಿರೋ ಅಪ್ಪನನ್ನೇ ಕರೆದ ಹಾಗೆ. ಒಂದೇ ಹೆಸರಿನವರ ಪಾಡು ಇನ್ನೂ ಮಜಾ, ವೀಸಾದಲ್ಲಿ ಮುಂದೆ ಎಫ್‌ಎನ್‌ಯು ಅಂತ ಅಚ್ಚಾಗುತ್ತೆ: ಮೊದಲ ಹೆಸರು ಗೊತ್ತಿಲ್ಲ ಅಂತ. ಮದುವೆಯಾಗಿ ಹೆಸರು ಬದಲಾಯಿಸಿಕೊಂಡ ಹೆಣ್ಣುಮಕ್ಕಳಿಗಂತೂ ಇದಕ್ಕೆಲ್ಲ ಇನ್ನೊಂದು ಸುತ್ತು.

ಪ್ರಕಟಣೆಗಳ ಪಟ್ಟಿ ಮಾಡಿಕೊಡೋ ಬಿಬ್‌ಟೆಕ್‌ಗೆ ನಮ್ಮ ಊರು, ಅಪ್ಪ ಯಾವುದೂ ತಿಳಿಯಲ್ಲ. ಅಲ್ಪವಿರಾಮ ಇಲ್ಲದಿದ್ರೆ ಕೊನೆಯ ಪದವೇ ಮನೆತನದ ಹೆಸರು ಅಂತ ತೀರ್ಮಾನ ಮಾಡುತ್ತೆ. ಅಲ್ಲಿಗೆ ಮಂಜುನಾಥರ ಸರ್‌ನೇಮ್ ಬರೀ "ಆರ್", ಪಟ್ಟಿಯಲ್ಲಿ ಅವರು "ಎಂ. ಎಸ್. ಆರ್". ಮಂಜುನಾಥ ಅನ್ನೋನೇ ಇಲ್ಲ! "ಮಂಜುನಾಥ" ಬರೆದು, ಅಲ್ಪವಿರಾಮ ಹಾಕಿ, ಆಮೇಲೆ ಇನಿಶಿಯಲ್ ಬರೆದ್ರೆ ಸರಿಹೋಗುತ್ತೆ. ಬಿಡಿಸಬಾರದ ಹೆಸರಿಗೆ ಪುಷ್ಪಾವರಣದ ಬೇಲಿ ಹಾಕಿ.

ಇದು ಅಂದದ ಪ್ರಶ್ನೆ ಅಂದ್ಕೋಬೇಡಿ. ನನಗೆ ಗೊತ್ತಿರೋ ಪೋಸ್ಟ್‌ಡಾಕ್ ಒಬ್ಬರ ಪೇಪರುಗಳು ಮೂರು ಥರದ ಹೆಸರಲ್ಲಿ ಹಂಚಿಹೋಗಿದ್ದವು. ಸಮಿತಿಯವರು ಸಿವಿ ಪಕ್ಕಕ್ಕಿಟ್ಟುಕೊಂಡು ಗೂಗಲ್ ಸ್ಕಾಲರ್‌ನಲ್ಲಿ ಹುಡುಕಿದ್ರೆ ಅರ್ಧ ಕೆಲಸ ಬೇರೆ ಯಾರದ್ದೋ ಅನ್ನೋ ಹಾಗೆ ಕಾಣುತ್ತೆ. ಗ್ರೀನ್ ಕಾರ್ಡಿಗೆ ಇಬಿ-1 ಹಾಕೋವಾಗಲೂ ಅದೇ ಪಟ್ಟಿ ಲೆಕ್ಕಕ್ಕೆ ಬರೋದು. ಈ ಮೂರೂ ಜನ ಒಬ್ಬನೇ ಅಂತ ಕಾಗದಪತ್ರ ಕೊಟ್ಟು ಸಾಬೀತು ಮಾಡಬೇಕು. ವೀಸಾ ಮುಗಿಯೋ ದಿನ ಎಣಿಸ್ತಿರೋರಿಗೆ ಇದು ಸಣ್ಣ ಕೆಲಸವಲ್ಲ.

ಹಾಗಂತ ಸಿವಿಯಲ್ಲಿ ಹಳೇ ಪೇಪರಿನ ಹೆಸರನ್ನ ತಿದ್ದಬೇಡಿ, ಅಚ್ಚಾದ ಹಾಗೇ ಇರಲಿ. ಲೇಟೆಕ್‌ನಲ್ಲಿ ಸ್ವಂತದ್ದೊಂದು ಕಮಾಂಡ್ ಮಾಡಿಕೊಳ್ಳಿ, "ನನ್ನ ಹೆಸರು" ಅಂತಲೇ ಇಟ್ಕೊಳ್ಳಿ. ಕೊಟ್ಟ ರೂಪವನ್ನ ದಪ್ಪಕ್ಷರದಲ್ಲಿ ತೋರಿಸೋದಷ್ಟೇ ಅದರ ಕೆಲಸ. ಪಟ್ಟಿಯ ಮೇಲೆ "ಈ ಹೆಸರುಗಳಲ್ಲೂ ಪ್ರಕಟವಾಗಿದೆ" ಅಂತ ಒಂದು ಸಾಲು, ಪಕ್ಕದಲ್ಲಿ ಆರ್ಕಿಡ್ ಸಂಖ್ಯೆ. 2012ರಲ್ಲಿ ಶುರುವಾದ ಈ ಆರ್ಕಿಡ್‌ನಲ್ಲಿ 16 ಅಂಕಿಯ ಗುರುತು ಪುಕ್ಕಟೆ ಸಿಗುತ್ತೆ, ಹೆಸರು ಎಷ್ಟು ಸಲ ಬದಲಾದ್ರೂ ಸಂಖ್ಯೆ ಅದೇ.

ಅಂದದ ಟೆಂಪ್ಲೇಟ್ ಎಲ್ಲ ಕಡೆ ನಡೆಯಲ್ಲ ಅನ್ನೋದನ್ನೂ ಹೇಳಿಬಿಡ್ತೀನಿ. ಸಂಶೋಧನೆಗೆ ದುಡ್ಡು ಕೊಡೋ ಎನ್‌ಎಸ್‌ಎಫ್ (2017ರಿಂದ ಅಲೆಕ್ಸಾಂಡ್ರಿಯಾದಲ್ಲಿದೆ) ಅಕ್ಟೋಬರ್ 2023ರಿಂದ ತನ್ನ ಅರ್ಜಿಗಳ ಕಿರುಪರಿಚಯವನ್ನ ಸೈಎನ್‌ಸಿವಿ ಅನ್ನೋ ಸರ್ಕಾರಿ ಜಾಲತಾಣದಲ್ಲೇ ಮಾಡಬೇಕು ಅಂದಿದೆ. ಆದ್ರೂ ಪಟ್ಟ ಶ್ರಮ ಹಾಳಾಗಲ್ಲ: ನಿಮ್ಮ ಬಿಬ್ ಫೈಲನ್ನ ಆರ್ಕಿಡ್ ಓದಿಕೊಳ್ಳುತ್ತೆ, ಆರ್ಕಿಡ್‌ನಿಂದ ಸೈಎನ್‌ಸಿವಿ ಎಳ್ಕೊಳ್ಳುತ್ತೆ. ಪ್ಲೇನ್ ಟೆಕ್ಸ್ಟ್‌ನ ಲಾಭ ಅದೇ ನೋಡಿ.

ಪಿಡಿಎಫ್ ಕಳಿಸೋ ಮುಂಚೆ ಅದನ್ನ ಪೂರ್ತಿ ಕಾಪಿ ಮಾಡಿ ನೋಟ್‌ಪ್ಯಾಡಿಗೆ ಪೇಸ್ಟ್ ಮಾಡಿ. ಎರಡು ಕಾಲಂ, ಬಣ್ಣದ ಐಕಾನು ಇರೋ ಟೆಂಪ್ಲೇಟ್‌ಗಳು ಅಲ್ಲಿ ಚಿತ್ರಾನ್ನ ಆಗ್ತವೆ; ಅರ್ಜಿ ಸೋಸೋ ಸಾಫ್ಟ್‌ವೇರ್‌ಗೂ ಹಾಗೇ ಕಾಣಬಹುದು. ಕನ್ನಡದಲ್ಲೂ ಬರೆದಿರೋರು ಆ ಶೀರ್ಷಿಕೆಗಳನ್ನ ಕನ್ನಡ ಲಿಪಿಯಲ್ಲೇ ಕೊಡಿ, ಜೊತೆಗೆ ಇಂಗ್ಲಿಷ್ ಅರ್ಥ. ಅದಕ್ಕೆ ಮಾಮೂಲಿ ಪಿಡಿಎಫ್‌ಲೇಟೆಕ್ ಆಗಲ್ಲ, 2004ರಲ್ಲಿ ಜೊನಾಥನ್ ಕ್ಯೂ ಹೊರತಂದ ಜೀಟೆಕ್ ಬೇಕು, ಯೂನಿಕೋಡ್ ಫಾಂಟ್ ಬೇಕು. ಒತ್ತಕ್ಷರ ಎಲ್ಲೂ ಒಡೆದಿಲ್ಲ ತಾನೇ ಅಂತ ಕಣ್ಣಾರೆ ನೋಡಿ. ಸಮಿತಿಯಲ್ಲಿ ಅದನ್ನ ಹಿಡಿಯೋರು ಯಾರೂ ಇರಲ್ಲ.