ದೇವರ ಫೋಟೋದ ಕೆಳಗಿನ ಪೆಟ್ಟಿಗೆ

ಪೆಟ್ಟಿಗೆ ತಗಡಿನದು. ಒಂದು ಕಾಲಕ್ಕೆ ಹಸಿರು ಬಣ್ಣವಿದ್ದಿರಬೇಕು, ಈಗ ಮೂಲೆಗಳಲ್ಲಷ್ಟೇ ಉಳಿದಿದೆ. ಸುಳ್ಯ ಕಡೆಯ ರಬ್ಬರ್ ಕಾಲನಿಯೊಂದರ ಮನೆಯಲ್ಲಿ, ದೇವರ ಫೋಟೋಗಳಿಟ್ಟ ಹಲಗೆಯ ಸರಿ ಕೆಳಗೆ ಅದರ ಜಾಗ. ಹಲಗೆಯ ಮೇಲೆ ವೇಲು ಹಿಡಿದ ಮುರುಗ, ಒಂದು ಪಕ್ಕ ಮಾರಿಯಮ್ಮ, ಇನ್ನೊಂದು ಪಕ್ಕ ಕುಕ್ಕೆಯಿಂದ ತಂದ ಸುಬ್ರಹ್ಮಣ್ಯನ ಪಟ. ಬೆಳಿಗ್ಗೆ ದೀಪ ಹಚ್ಚಿ ವಿಭೂತಿ ಇಟ್ಟುಕೊಳ್ಳುವ ಅಜ್ಜಿ, ಅದೇ ಬೆರಳನ್ನು ಪೆಟ್ಟಿಗೆಯ ಮುಚ್ಚಳಕ್ಕೂ ಒಮ್ಮೆ ಮುಟ್ಟಿಸುತ್ತಾರೆ. ಮುಚ್ಚಳದ ಆ ಒಂದು ಜಾಗ ಬೂದಿ ಹಿಡಿದು ಬೆಳ್ಳಗಾಗಿದೆ.

ಒಳಗೆ ಏನಿದೆ ಎಂದು ಕೇಳಿದ್ದಕ್ಕೆ ಮಡಿಲಲ್ಲಿಟ್ಟುಕೊಂಡು ಒಂದೊಂದನ್ನೇ ತೆಗೆದರು. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಹಳೆಯ ಭಾರತೀಯ ಪಾಸ್‌ಪೋರ್ಟ್, ಕೊಟ್ಟದ್ದು ಸಿಲೋನಿನ ಕ್ಯಾಂಡಿಯಲ್ಲಿ. ಮಡಿಕೆಯಲ್ಲಿ ಹರಿದು ಅಂಟಿಸಿದ ‘ಫ್ಯಾಮಿಲಿ ಕಾರ್ಡ್’, ಕೊಟ್ಟದ್ದು ಮಂಡಪಂ ಶಿಬಿರದಲ್ಲಿ. ಗಂಡನ ಸಂಬಳ ಚೀಟಿಗಳು, ಪಡಿತರ ಚೀಟಿ, ಮತದಾರರ ಗುರುತಿನ ಚೀಟಿ, ಆಧಾರ್. ಯಾವುದೋ ಕಚೇರಿ ಹಿಂದಕ್ಕೆ ಕಳಿಸಿದ ಅರ್ಜಿಗಳ ಒಂದು ಕಟ್ಟು. ತಳದಲ್ಲಿ ದಾರ ಸುತ್ತಿದ ಎರಡು ಸಣ್ಣ ಪೊಟ್ಟಣ. ಅವನ್ನು ಬಿಚ್ಚಲಿಲ್ಲ, ಬೆರಳಲ್ಲಿ ಮುಟ್ಟಿ ಹಾಗೇ ಬಿಟ್ಟರು.

ಪುತ್ತೂರು, ಸುಳ್ಯ, ಕಡಬದ ಕಡೆ ಓಡಾಡುವವರಿಗೆ ಈ ಕಾಲನಿಗಳು ಗೊತ್ತು. ಐವರ್ನಾಡು, ಮೇದಿನಡ್ಕ, ನಾಗಪಟ್ಟಣದ ಕಡೆಯ ರಬ್ಬರ್ ಮರಗಳ ನಡುವೆ ಸಾಲು ಮನೆಗಳು, ಒಂದು ಪುಟ್ಟ ಮಾರಿಯಮ್ಮನ ಗುಡಿ, ಕೆಲವೆಡೆ ಒಂದು ಶಿಲುಬೆ. ನಾವು ಅವರನ್ನು ಸಿಲೋನ್‌ನವರು ಎನ್ನುತ್ತೇವೆ, ಇಲ್ಲವೇ ನಿರಾಶ್ರಿತರು ಎನ್ನುತ್ತೇವೆ. ಎರಡನೆಯ ಮಾತು ತಪ್ಪು. ಇವರು ಆಶ್ರಯ ಕೇಳಿಕೊಂಡು ಬಂದವರಲ್ಲ. ಎರಡು ಸರಕಾರಗಳು ಲೆಕ್ಕ ಹಾಕಿ, ಹಂಚಿಕೊಂಡು, ಭಾರತದ ಪೌರರೆಂದು ಬರೆದು ಹಡಗು ಹತ್ತಿಸಿದವರು.

ಆ ಲೆಕ್ಕವನ್ನು ಸ್ವಲ್ಪ ಹೇಳಬೇಕು. ಬ್ರಿಟಿಷರು ಸಿಲೋನಿನ ಗುಡ್ಡಗಳಲ್ಲಿ ಮೊದಲು ಕಾಫಿ, ಅದು ರೋಗ ಬಂದು ಕೆಟ್ಟ ಮೇಲೆ ಚಹಾ ಬೆಳೆಸಿದರು. ದುಡಿಯಲು ತಿರುಚಿರಾಪಳ್ಳಿ, ಪುದುಕ್ಕೋಟೆ, ರಾಮನಾಥಪುರ, ಸೇಲಂ ಕಡೆಯ ಬಡವರನ್ನು, ಹೆಚ್ಚಿನಂಶ ದಲಿತರನ್ನು, ಆಳು ಕೂಡಿಸುವ ಕಂಗಾಣಿಗಳು ಒಯ್ದರು. ನೂರು ವರ್ಷಕ್ಕೂ ಮಿಕ್ಕಿ ಅವರು ಅಲ್ಲಿ ದುಡಿದರು. 1948ರಲ್ಲಿ ಸಿಲೋನ್ ಸ್ವತಂತ್ರವಾಯಿತು, ಅದೇ ವರ್ಷ ಪೌರತ್ವ ಕಾಯಿದೆ ಬಂತು. ತಂದೆಯೋ ಅಜ್ಜನೋ ಅಲ್ಲೇ ಹುಟ್ಟಿದ್ದಕ್ಕೆ ದಾಖಲೆ ತೋರಿಸಿದವರು ಮಾತ್ರ ಪೌರರು. ಚಹಾತೋಟದ ಲೈನ್ ಮನೆಯಲ್ಲಿ ಹುಟ್ಟಿದವನಿಗೆ ಎಲ್ಲಿಯ ದಾಖಲೆ? ಏಳು ಲಕ್ಷದಷ್ಟು ಜನ ಒಂದೇ ಕಾಯಿದೆಯಿಂದ ಯಾವ ದೇಶದವರೂ ಅಲ್ಲದವರಾದರು. ಹಿಂದಿನ ವರ್ಷದ ಚುನಾವಣೆಯಲ್ಲಿ ಏಳು ಮಂದಿ ಸಂಸದರನ್ನು ಆರಿಸಿ ಕಳಿಸಿದ ಜನ ಅವರು, ಮತದ ಹಕ್ಕೂ ಹೋಯಿತು. ಊರವರ ಬಾಯಲ್ಲಿ ‘ಕಳ್ಳತ್ತೋಣಿ’ಗಳಾದರು. ತಮಿಳಿನ ತೋಣಿ ನಮ್ಮ ದೋಣಿಯೇ: ಕಳ್ಳದೋಣಿಯಲ್ಲಿ ಬಂದವರು ಎಂದು ಅರ್ಥ.

1964ರ ಅಕ್ಟೋಬರ್ 30ರಂದು ಪ್ರಧಾನಿ ಲಾಲ್ ಬಹಾದುರ್ ಶಾಸ್ತ್ರಿ ಮತ್ತು ಸಿಲೋನಿನ ಪ್ರಧಾನಿ ಸಿರಿಮಾವೊ ಬಂಡಾರನಾಯಿಕೆ ದೆಹಲಿಯಲ್ಲಿ ಒಪ್ಪಂದಕ್ಕೆ ಸಹಿ ಹಾಕಿದರು. ಒಟ್ಟು 9,75,000 ಜನ ಎಂದು ಲೆಕ್ಕ. 5,25,000 ಮಂದಿ ಭಾರತಕ್ಕೆ, 3,00,000 ಮಂದಿ ಸಿಲೋನಿಗೆ, ಉಳಿದ 1,50,000 ಮಂದಿಯ ಮಾತು ಆಮೇಲೆ. ಹತ್ತು ವರ್ಷ ಕಳೆದು, 1974ರಲ್ಲಿ, ಆ ಒಂದೂವರೆ ಲಕ್ಷವನ್ನು ಇಂದಿರಾ ಗಾಂಧಿ ಮತ್ತು ಸಿರಿಮಾವೊ 75,000ದಂತೆ ಸರಿಯಾಗಿ ಅರ್ಧ ಮಾಡಿಕೊಂಡರು. ಗದ್ದೆ ಪಾಲಾಗುವಾಗಲೂ ಗೇಣಿದಾರನನ್ನು ಒಂದು ಮಾತು ಕೇಳುವುದುಂಟು. ಇಲ್ಲಿ ತೋಟದ ಜನರನ್ನಾಗಲಿ ಅವರ ನಾಯಕರನ್ನಾಗಲಿ ಯಾರೂ ಕೇಳಲಿಲ್ಲ. ಅಣ್ಣನ ಅರ್ಜಿ ಅಲ್ಲಿ ಉಳಿಯಲು, ತಮ್ಮನ ಅರ್ಜಿ ಇಲ್ಲಿಗೆ ಬರಲು ಎಂದು ಎಷ್ಟೋ ಮನೆಗಳು ಸೀಳಿದವು.

1973–74ರಲ್ಲಿ ತೋಟಗಳಲ್ಲಿ ಹಸಿವಿನ ಸಾವುಗಳಾದವು. ಭೂಸುಧಾರಣೆಯ ಹೆಸರಲ್ಲಿ ಸರಕಾರ ತೋಟಗಳನ್ನು ವಹಿಸಿಕೊಂಡಾಗ ಅನೇಕರ ಕೆಲಸವೂ ಹೋಯಿತು. ಹೊರಡುವವರ ಸಾಲು ಬೆಳೆಯಿತು. ಗುಡ್ಡದ ಸ್ಟೇಷನ್ನುಗಳಿಂದ ತಲೈಮನ್ನಾರಿಗೆ ಹೋಗುವ ರೈಲಿಗೆ ಜನ ಇಟ್ಟ ಹೆಸರು ‘ಒಪ್ಪಾರಿ ಕೋಚ್ಚಿ’. ಒಪ್ಪಾರಿ ಎಂದರೆ ಹೆಣದ ಮುಂದೆ ಹೆಂಗಸರು ಹಾಡಿಕೊಂಡು ಅಳುವುದು, ಕೋಚ್ಚಿ ಎಂದರೆ ರೈಲು. ಪ್ಲಾಟ್‌ಫಾರಮ್ಮಿನಲ್ಲಿ ಉಳಿಯುವವರೂ ರೈಲಿನೊಳಗೆ ಹೋಗುವವರೂ ಒಟ್ಟಿಗೆ ಎದೆ ಬಡಿದುಕೊಂಡು ಅಳುತ್ತಿದ್ದರಂತೆ. ಅಜ್ಜಿಗೆ ಆ ಅಳು ಈಗಲೂ ಕಿವಿಯಲ್ಲಿದೆ. ದಾರಿಯಲ್ಲಿ ಮಡು ರೋಡ್ ಎಂಬ ಸ್ಟೇಷನ್. ಅಲ್ಲಿಂದ ಮಡು ಮಾತೆಯ ಇಗರ್ಜಿಗೆ ದಾರಿ. ಗಾಡಿ ಅಲ್ಲಿ ನಿಂತಾಗ ಕ್ರೈಸ್ತರ ಜತೆಗೆ ತಾವೂ ಆ ದಿಕ್ಕಿಗೆ ಕೈ ಮುಗಿದದ್ದನ್ನು ಅವರು ಮರೆತಿಲ್ಲ. ಆಮೇಲೆ ‘ರಾಮಾನುಜಂ’ ಹಡಗು, ರಾಮೇಶ್ವರ, ಮಂಡಪಂ ಶಿಬಿರ, ಫ್ಯಾಮಿಲಿ ಕಾರ್ಡು.

ಬಂದವರನ್ನು ಸರಕಾರ ಅಲ್ಲಲ್ಲಿ ಹಂಚಿತು. ತಮಿಳುನಾಡಿನ ನೀಲಗಿರಿಯಲ್ಲಿ ಇವರಿಗೆಂದೇ ಚಹಾತೋಟ ಎದ್ದಿತು, ಕೇರಳದ ಪುನಲೂರಿನಲ್ಲಿ ರಬ್ಬರ್ ತೋಟ. ಕರ್ನಾಟಕದ ಪಾಲಿಗೆ ಬಂದವರು ನಮ್ಮ ದಕ್ಷಿಣ ಕನ್ನಡಕ್ಕೆ, 1971ರಲ್ಲಿ ಸ್ಥಾಪನೆಯಾದ ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಿಗೆ. ಎರಡು ಬೆರಳಲ್ಲಿ ಚಹಾದ ಚಿಗುರು ಕೀಳುತ್ತಿದ್ದ ಕೈ ಟ್ಯಾಪಿಂಗ್ ಕತ್ತಿ ಹಿಡಿಯಿತು. ಬೆಳಕು ಹರಿಯುವ ಮೊದಲೇ ಹಣೆಗೆ ದೀಪ ಕಟ್ಟಿಕೊಂಡು ಮರದಿಂದ ಮರಕ್ಕೆ ಹೋಗಬೇಕು, ತೊಗಟೆಯನ್ನು ನೂಲಿನಷ್ಟು ತೆಳ್ಳಗೆ ಓರೆಯಾಗಿ ಸೀಳಬೇಕು. ಕತ್ತಿ ಒಳಗಿನ ಮರಕ್ಕೆ ತಾಗಿದರೆ ಮರ ಗಾಯಗೊಳ್ಳುತ್ತದೆ, ಮೇಲೇ ನಿಂತರೆ ಹಾಲು ಇಳಿಯುವುದಿಲ್ಲ. ಬಿಸಿಲೇರಿದರೆ ಹಾಲು ಬೇಗ ಕಟ್ಟಿಕೊಳ್ಳುತ್ತದೆ. ಇಲ್ಲಿಗೆ ಬಂದಾಗ ಪರಿಚಯದ್ದೆಂದು ಇದ್ದದ್ದು ಉಂಬುಳ ಮಾತ್ರ ಎಂದರು ಅಜ್ಜಿ. ಚಹಾತೋಟದಲ್ಲೂ ಅದೇ ಕಚ್ಚುತ್ತಿತ್ತು. ಭಾಷೆ ಗೊತ್ತಿಲ್ಲ, ಊಟ ಬೇರೆ, ಮಳೆ ನಿಲ್ಲುವುದೇ ಇಲ್ಲ.

ಉಂಬುಳದ ಜತೆಗೆ ಇನ್ನೊಬ್ಬರ ಪರಿಚಯವೂ ಇತ್ತು ಎಂಬುದು ಸ್ವಲ್ಪ ದಿನ ಕಳೆದ ಮೇಲೆ ಗೊತ್ತಾಯಿತಂತೆ. ನನಗೆ ಈ ಕತೆಯಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಕಂಡದ್ದು ಇದು.

ಸಿಲೋನಿನ ತೋಟದ ಜನರ ದೊಡ್ಡ ದೇವರು ಕದಿರ್ಗಾಮದ ಮುರುಗ. ದ್ವೀಪದ ಇನ್ನೊಂದು ತುದಿಯಿಂದಲೂ ಜನ ಪಾದಯಾತ್ರೆಯಲ್ಲಿ ಹೋಗುವ ಕ್ಷೇತ್ರ. ಮೊದಲು ಮಾಣಿಕ್ಯ ಗಂಗೆಯಲ್ಲಿ ಮುಳುಗು ಹಾಕಬೇಕು. ಗರ್ಭಗುಡಿಯ ಮುಂದೆ ಪರದೆ, ಒಳಗಿನ ದೇವರು ಕಣ್ಣಿಗೆ ಕಾಣುವುದಿಲ್ಲ. ಹಿಂದೂ, ಬೌದ್ಧ, ಮುಸ್ಲಿಂ ಎನ್ನದೆ ಎಲ್ಲರೂ ಬರುತ್ತಾರೆ. ಮುರುಗ ಕಾಡಿನ ಹುಡುಗಿ ವಳ್ಳಿಯನ್ನು ಮದುವೆಯಾದದ್ದು ಅಲ್ಲಿ ಎಂದು ನಂಬಿಕೆ. ಅಂಥ ದೇವರನ್ನು ಬಿಟ್ಟು ಬಂದೆವಲ್ಲ ಎಂದು ಅಳುತ್ತಿದ್ದವರಿಗೆ ರಬ್ಬರ್ ತೋಟದ ಆಚೆ, ಒಂದು ಬಸ್ಸಿನ ದೂರದಲ್ಲಿ, ಕುಕ್ಕೆ ಇದೆ ಎಂದು ಯಾರೋ ಹೇಳಿದರು. ಇಲ್ಲಿಯೂ ಮೊದಲು ಕುಮಾರಧಾರೆಯಲ್ಲಿ ಮುಳುಗು. ಇಲ್ಲಿಯೂ ಅದೇ ದೇವರು. ತಾರಕನನ್ನು ಕೊಂದು ಬಂದ ಕುಮಾರನಿಗೆ ಇಂದ್ರ ತನ್ನ ಮಗಳು ದೇವಸೇನೆಯನ್ನು ಕೊಟ್ಟದ್ದು ಇದೇ ಹೊಳೆಯ ದಡದಲ್ಲಿ, ಮಾರ್ಗಶಿರದ ಷಷ್ಠಿಯ ದಿನ ಎನ್ನುತ್ತದೆ ಸ್ಥಳಪುರಾಣ. ವಳ್ಳಿ ಆ ಕಡೆ, ದೇವಸೇನೆ ಈ ಕಡೆ. ದೇವರಿಗೇ ಎರಡೂ ದಡಗಳಲ್ಲಿ ಹೆಣ್ಣು ಕೊಟ್ಟ ಮನೆಗಳಿದ್ದವು. ತಮ್ಮನ್ನು ಹಡಗು ಹತ್ತಿಸಿದ್ದು ಸರಕಾರವಲ್ಲ, ಅವನೇ ಮುಂದೆ ಬಂದು ಜಾಗ ನೋಡಿ ಆಮೇಲೆ ಕರೆಸಿಕೊಂಡ ಎಂದು ಅಜ್ಜಿ ಆ ದಿನ ನಿಶ್ಚಯ ಮಾಡಿಕೊಂಡರು. ಈಗಲೂ ಹಾಗೇ ನಂಬಿದ್ದಾರೆ.

ಮಾರಿಯಮ್ಮನ ವಿಷಯವೂ ಹೀಗೆಯೇ. ತಮಿಳರ ಆಡಿ ತಿಂಗಳು ಅಮ್ಮನ ತಿಂಗಳು: ಕೂಳ್ ಎಂಬ ಗಂಜಿ ಕಾಯಿಸಿ ಹಂಚುತ್ತಾರೆ, ಬೇವು ಕಟ್ಟುತ್ತಾರೆ. ಅದೇ ತಿಂಗಳು ತುಳುವರಿಗೆ ಆಟಿ. ಹೆಸರೂ ಒಂದೇ ಬೇರಿನದು. ಆಟಿಯಲ್ಲಿ ಕಳಂಜ ವೇಷದವನು ಓಲೆಕೊಡೆ ಹಿಡಿದು ಮನೆಮನೆಗೆ ಬಂದು ಮಾರಿ ಕಳೆಯುತ್ತಾನೆ, ಅಮಾವಾಸ್ಯೆಗೆ ಪಾಲೆ ಮರದ ತೊಗಟೆಯ ಕಷಾಯ ಕುಡಿಯುತ್ತೇವೆ. ಮಳೆಯ ನಡುವಿನ ಅದೇ ಹಸಿವಿನ, ರೋಗದ ತಿಂಗಳಿಗೆ ಎರಡೂ ಜನ ಒಂದೇ ಭಯದಿಂದ ಕೈ ಮುಗಿದವರು. ಕಳಂಜ ಕಾಲನಿಗೆ ಬಂದಾಗ ಯಾರೂ ಅರ್ಥ ಹೇಳಿಕೊಡಬೇಕಾಗಿ ಬರಲಿಲ್ಲ ಎಂದರು. ಮೊರದಲ್ಲಿ ಅಕ್ಕಿ, ಉಪ್ಪು, ಮೆಣಸು ತಂದು ಸುರಿದರಂತೆ. ಇಂಥ ಪರಿಚಯಗಳಿಲ್ಲದೆ ಬರಿಯ ಪಾಸ್‌ಪೋರ್ಟಿನ ಬಲದಿಂದ ಯಾರೂ ಒಂದು ಊರಿನವರಾಗುವುದಿಲ್ಲ ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಆದರೆ ಊರು ಒಪ್ಪಿಕೊಂಡರೆ ಸಾಲದು, ಕಾಗದವೂ ಒಪ್ಪಿಕೊಳ್ಳಬೇಕು. ಪೌರತ್ವದ ಪತ್ರ ಕೈಯಲ್ಲಿದ್ದವರಿಗೇ ಇಲ್ಲಿ ಇನ್ನೊಂದು ಹೋರಾಟ ಶುರುವಾಯಿತು. ಮಕ್ಕಳು ಕನ್ನಡ ಶಾಲೆಗೆ ಸೇರಿದರು, ಜಾತಿ ಪ್ರಮಾಣಪತ್ರ ಕೇಳಿದರು. ಪರಿಶಿಷ್ಟ ಜಾತಿಗಳ ಆದೇಶ ಹೊರಟದ್ದು 1950ರ ಆಗಸ್ಟ್ 10ರಂದು, ರಾಜ್ಯವಾರು ಪಟ್ಟಿಯಾಗಿ. ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋದವರ ವಿಷಯದಲ್ಲಿ, ಆ ದಿನ ತಂದೆಯ ಕಾಯಂ ವಾಸ ಎಲ್ಲಿತ್ತು ಎಂದು ನೋಡುವುದು ಪದ್ಧತಿ. ಆ ದಿನ ಇವರ ತಂದೆಯರು ಸಿಲೋನಿನ ಗುಡ್ಡದಲ್ಲಿ ಚಹಾ ಕೊಯ್ಯುತ್ತಿದ್ದರು, ಯಾವ ರಾಜ್ಯದಲ್ಲೂ ಇರಲಿಲ್ಲ. ಆದಿ ದ್ರಾವಿಡ ಎಂಬ ಹೆಸರು ಕರ್ನಾಟಕದ ಪಟ್ಟಿಯಲ್ಲೂ ಇದೆ, ಆದರೂ ನೀವು ಇಲ್ಲಿಯ ಆದಿ ದ್ರಾವಿಡರಲ್ಲ ಎಂಬ ಉತ್ತರ ಬಂತು. ತಮಿಳುನಾಡಿಗೆ ಹೋಗಿ ತನ್ನಿ ಎಂದರೆ, ಅಜ್ಜನ ಅಜ್ಜ ಬಿಟ್ಟು ಹೋದ ಊರಲ್ಲಿ ಯಾರ ಮನೆಯ ಬಾಗಿಲು ತಟ್ಟುವುದು? ಕೆಲವರಿಗೆ ಪತ್ರ ಸಿಕ್ಕಿತು, ಹಲವರು ವರ್ಷಗಟ್ಟಲೆ ಅಲೆದರು, ಧರಣಿ ಕೂತರು. ಕ್ರೈಸ್ತರಾದವರಿಗಂತೂ ಆ ಆದೇಶದ ಪ್ರಕಾರ ಕೇಳುವ ದಾರಿಯೇ ಇಲ್ಲ: ಪಕ್ಕದ ಮನೆಯ ಅದೇ ಜಾತಿಯವನಿಗೆ ಸಿಕ್ಕುವುದು, ಶಿಲುಬೆ ಹಾಕಿದ ಇವನಿಗೆ ಸಿಕ್ಕದು.

ಮನೆಯ ಸಂಗತಿ ಇನ್ನೂ ನೋವಿನದು. ತೋಟವಿರುವುದು ಅರಣ್ಯ ಭೂಮಿಯಲ್ಲಿ, ಮನೆ ನಿಗಮದ್ದು. ಕೆಲಸ ಇರುವಷ್ಟು ದಿನ ಮನೆ. ಮೂವತ್ತು ವರ್ಷ ಹಾಲು ಇಳಿಸಿ ನಿವೃತ್ತರಾದವರಿಗೆ ಹೋಗಲು ಸ್ವಂತ ಜಾಗವಿಲ್ಲ, ಪಹಣಿಯಲ್ಲಿ ಹೆಸರಿಲ್ಲ. ಕಡಬ ಹೊಸ ತಾಲೂಕಾದಾಗ ಆ ಭಾಗದವರ ಅರ್ಜಿಯ ವಿಳಾಸದ ಸಾಲು ಬದಲಾಯಿತು, ಅರ್ಜಿ ಬದಲಾಗಲಿಲ್ಲ.

ಈ ಅಲೆದಾಟದ ಬಗ್ಗೆ ಅಜ್ಜಿ ಹೇಳುವಾಗಲೆಲ್ಲ ಒಂದು ಮಾತು ಬರುತ್ತಿತ್ತು: ‘ಮುರುಗನ್ ಪಾತ್ತುಕ್ಕುವಾನ್.’ ಮುರುಗ ನೋಡಿಕೊಳ್ಳುತ್ತಾನೆ. ಮೊದಲು ನನಗೆ ಇದು ಕೈ ಚೆಲ್ಲಿ ಕೂತವರ ಮಾತೆಂದು ಅನ್ನಿಸಿತ್ತು. ಹಾಗಲ್ಲ. ಆ ಮಾತು ಹೇಳಿದವರೇ ಮರುದಿನ ಮೊದಲ ಬಸ್ಸಿಗೆ, ಜೆರಾಕ್ಸ್ ಪ್ರತಿಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು, ತಾಲೂಕು ಕಚೇರಿಗೆ ಹೋದವರು. ಸಾಹೇಬರು ಮೀಟಿಂಗಿನಲ್ಲಿದ್ದಾರೆ ಎಂದರೆ ಮರುವಾರ ಮತ್ತೆ ಹೋದವರು. ಹೋಗುವ ಮೊದಲು ಹಲಗೆಯ ಮುಂದೆ ಏನು ಕೇಳಿಕೊಳ್ಳುತ್ತಿದ್ದಿರಿ, ಪತ್ರ ಸಿಗಲಿ ಎಂದೇ, ಎಂದು ಕೇಳಿದೆ. ಇಲ್ಲ ತಂಬೀ, ಇನ್ನೊಂದು ಸಲ ಹೋಗುವಷ್ಟು ಕಾಲಿಗೆ ಶಕ್ತಿ ಕೊಡು ಎಂದು ಕೇಳುತ್ತಿದ್ದೆ ಎಂದರು. ಕದಿರ್ಗಾಮಕ್ಕೆ ನಡೆದ ಜನ. ಅವರ ಲೆಕ್ಕದಲ್ಲಿ ದೇವರು ದಾರಿ ತೋರಿಸುವುದೆಂದರೆ ನಡೆಸುವುದು.

ಇವರಿಗಾದರೂ ಪಾಸ್‌ಪೋರ್ಟ್ ಇತ್ತು. ಅಲ್ಲಿ ನಡೆದ 1983ರ ತಮಿಳು ವಿರೋಧಿ ಗಲಭೆ, ಮರುವರ್ಷ ನಿಂತುಹೋದ ಹಡಗು, ಇವುಗಳಿಂದಾಗಿ ಭಾರತದ ಲೆಕ್ಕಕ್ಕೆ ಬಂದೂ ಬರಲಾಗದೆ ಉಳಿದವರಿದ್ದರು. ಆಮೇಲೆ ಜೀವ ಉಳಿಸಿಕೊಂಡು ಓಡಿಬಂದ ಅದೇ ತೋಟದ ಜನ ತಮಿಳುನಾಡಿನ ಶಿಬಿರಗಳಲ್ಲಿ ನಿರಾಶ್ರಿತರೆಂದೇ ಉಳಿದರು. ಅಂಥ 65 ಮಂದಿ ಮದ್ರಾಸ್ ಹೈಕೋರ್ಟಿನ ಮದುರೆ ಪೀಠಕ್ಕೆ ಹೋದರು. 2019ರ ಜೂನ್ 17ರಂದು ನ್ಯಾಯಮೂರ್ತಿ ಜಿ.ಆರ್. ಸ್ವಾಮಿನಾಥನ್ ಅವರು, ಇವರ ಪೌರತ್ವದ ಅರ್ಜಿಯನ್ನು ಪರಿಗಣಿಸಬೇಕೆಂದು ಹೇಳಿದರು. ಅದೇ ವರ್ಷದ ಕೊನೆಗೆ ಬಂದ ಪೌರತ್ವ ತಿದ್ದುಪಡಿ ಕಾಯಿದೆಯ ದೇಶಗಳ ಪಟ್ಟಿಯಲ್ಲಿ ಶ್ರೀಲಂಕಾ ಇಲ್ಲ. ಶ್ರೀಲಂಕಾ ಮಾತ್ರ 2003ರ ಕಾಯಿದೆಯಿಂದ ಅಲ್ಲಿ ಉಳಿದಿದ್ದವರಿಗೆ ಪೌರತ್ವ ಕೊಟ್ಟುಬಿಟ್ಟಿತ್ತು. ಅಜ್ಜಿಯ ಅಕ್ಕನ ಮಕ್ಕಳು ಅಲ್ಲಿದ್ದಾರೆ, ಆ ದೇಶದವರಾಗಿ.

ಹೊರಡುವ ಹೊತ್ತಿಗೆ ಕೊನೆಗೂ ಪೊಟ್ಟಣ ಬಿಚ್ಚಿದರು. ಒಂದರಲ್ಲಿ ಕದಿರ್ಗಾಮದ ವಿಭೂತಿ, ಹೊರಡುವಾಗ ತಾಯಿ ಸೆರಗಿಗೆ ಕಟ್ಟಿದ್ದು. ಐವತ್ತು ವರ್ಷಕ್ಕೆ ಚಿಟಿಕೆಯಷ್ಟು ಉಳಿದಿದೆ. ಇನ್ನೊಂದರಲ್ಲಿ ಕುಕ್ಕೆಯ ಮೃತ್ತಿಕೆ, ಪ್ರಸಾದವಾಗಿ ಕೊಡುವ ಹುತ್ತದ ಮಣ್ಣು. ಅದನ್ನು ಅಂಗೈಯಲ್ಲಿಟ್ಟು ನನಗೆ ತೋರಿಸಿ, ಇಷ್ಟು ಮಣ್ಣು ಈ ಊರಲ್ಲಿ ನನ್ನದು ಎಂದರು. ದೂರಿನ ದನಿಯಲ್ಲ, ಅದರಲ್ಲಿ ಒಂದು ಹೆಮ್ಮೆಯಿತ್ತು.

ಅಷ್ಟರಲ್ಲಿ ಮೊಮ್ಮಗಳು ಬಂದಳು. ಕಾಲೇಜು ಮುಗಿಸಿ ನಾಡಕಚೇರಿಗೆ ಹೋಗಿದ್ದಳಂತೆ. ತಾತನ ಪಾಸ್‌ಪೋರ್ಟಿನ ಮೊದಲ ಪುಟ ಸ್ಪಷ್ಟವಾಗಿ ಬಂದಿಲ್ಲ, ಹೊಸದಾಗಿ ಸ್ಕ್ಯಾನ್ ಮಾಡಿ ತರಬೇಕು ಎಂದಿದ್ದಾರೆ. ಅಜ್ಜಿ ಪೊಟ್ಟಣಕ್ಕೆ ದಾರ ಸುತ್ತಿ, ಪ್ಲಾಸ್ಟಿಕ್ ಕವರನ್ನು ಸೀರೆಯಲ್ಲಿ ಒರೆಸಿ ಅವಳ ಕೈಗೆ ಕೊಟ್ಟರು. ಮಳೆ ಬರುವ ಹಾಗಿದೆ, ಕೊಡೆ ತಗೊಂಡು ಹೋಗು ಎಂದರು.