ವಿದೇಶದಲ್ಲಿ ಕಾನೂನು ವ್ಯಾಸಂಗ: ಹೊರಡುವ ಮುನ್ನ ಒಂದು ಪ್ರಶ್ನೆ

ದ್ವಿತೀಯ ಪಿಯುಸಿ ಫಲಿತಾಂಶ ಪ್ರಕಟವಾದ ಬಳಿಕ ಗುರುನಿವಾಸದ ಬಾಗಿಲಿಗೆ ಬರುವ ಹೆತ್ತವರಲ್ಲಿ ಈಚೆಗೆ ಒಂದು ಹೊಸ ವರ್ಗ ಕಾಣಿಸಿಕೊಂಡಿದೆ. ಹಿಂದೆ ನರ್ಸಿಂಗ್, ಇಂಜಿನಿಯರಿಂಗ್, ಗಲ್ಫ್ ಉದ್ಯೋಗಗಳ ಸುತ್ತ ತಿರುಗುತ್ತಿದ್ದ ಮಾತು ಈಗ ಇಂಗ್ಲೆಂಡಿನ ಕಾನೂನು ಪದವಿಯತ್ತಲೂ ಹೊರಳಿದೆ. ಮಗ ಅಥವಾ ಮಗಳು ಅಲ್ಲಿ ಎಲ್‌ಎಲ್‌.ಬಿ. ಓದಬೇಕೆಂದಿದ್ದಾರೆ, ಶಿಫಾರಸು ಪತ್ರವೊಂದನ್ನು ಬರೆದುಕೊಡಬೇಕು ಎಂಬುದು ಅವರ ಕೋರಿಕೆ. ನಮ್ಮ ಪತ್ರದಿಂದ ಅಲ್ಲಿ ಏನೂ ಪ್ರಯೋಜನವಿಲ್ಲವೆಂದು ಮೊದಲೇ ಹೇಳಿಬಿಡುವುದು ಲೇಸು. ಅಲ್ಲಿಯ ವಿಶ್ವವಿದ್ಯಾಲಯಗಳು ಕೇಳುವುದು ವಿದ್ಯಾರ್ಥಿಯ ಓದನ್ನು ಬಲ್ಲ ಅಧ್ಯಾಪಕರ ಪತ್ರವನ್ನು. ಪ್ರತಿ ಭಾನುವಾರ ಬಲಿಪೂಜೆಯಲ್ಲಿ ವಾಚನ ಓದುವ ಹುಡುಗಿ ಎಂದು ನಾವು ಬರೆದರೆ ಅದು ಸತ್ಯವಾದರೂ ಅಪ್ರಸ್ತುತ.

ಆದರೆ ಒಂದು ಪ್ರಶ್ನೆಯನ್ನು ನಾವು ಕೇಳಲೇಬೇಕಾಗುತ್ತದೆ. ಓದು ಮುಗಿದ ಮೇಲೆ ಈ ಮಗು ಕರಿಕೋಟು ತೊಟ್ಟು ನಿಲ್ಲುವುದು ಯಾವ ನ್ಯಾಯಾಲಯದಲ್ಲಿ? 'ಅಲ್ಲಿ ಆಗದಿದ್ದರೆ ಇಲ್ಲಿಗೆ ಬಂದು ಮಾಡ್ತಾನೆ, ಫಾದರ್' ಎಂಬುದೇ ಸಾಮಾನ್ಯವಾಗಿ ದೊರೆಯುವ ಉತ್ತರ. ಗುರಿಯು ಸಂಕಲ್ಪದಲ್ಲಿ ಮೊದಲು ಹುಟ್ಟಿ ಕಾರ್ಯದಲ್ಲಿ ಕೊನೆಗೆ ಕೈಗೂಡುತ್ತದೆ ಎಂದು ಮಧ್ಯಯುಗದ ತತ್ತ್ವಜ್ಞಾನಿಗಳು ಬೋಧಿಸಿದರು. ಇಲ್ಲಿ ಆ ಕ್ರಮ ತಲೆಕೆಳಗಾಗಿದೆ. ಮನುಷ್ಯನ ಮೂಳೆಗಳ ರಚನೆ ಮಂಗಳೂರಿನಲ್ಲೂ ಲಂಡನ್ನಿನಲ್ಲೂ ಒಂದೇ. ಕಾನೂನು ಹಾಗಲ್ಲ, ಅದು ಆಯಾ ನೆಲದ್ದು. ನಮ್ಮ ನ್ಯಾಯಪದ್ಧತಿಯ ಬೇರು ಇಂಗ್ಲಿಷ್ ಪರಂಪರೆಯಲ್ಲಿರುವುದರಿಂದ ಅಲ್ಲಿ ಕಲಿತ ಒಪ್ಪಂದ ಕಾನೂನಿನ ತತ್ತ್ವಗಳು ಇಲ್ಲಿಯೂ ಉಪಯೋಗಕ್ಕೆ ಬರುತ್ತವೆ, ನಿಜ. ಆದರೆ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯನ್ನಾಗಲಿ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯನ್ನಾಗಲಿ ಅಲ್ಲಿಯ ಪದವಿ ಕಲಿಸುವುದಿಲ್ಲ. ನಮ್ಮ ಕುಟುಂಬಗಳ ಆಸ್ತಿ ಪಾಲಾಗುವುದು 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯಂತೆ. ತಂದೆಯ ಜಮೀನನ್ನು ಅಡವಿಟ್ಟು ಓದಿ ಬಂದ ಮಗ ಅದೇ ಜಮೀನಿಗೆ ಅನ್ವಯಿಸುವ ಕಾಯಿದೆಯ ಪುಟವನ್ನೇ ತೆರೆಯದಿರುವ ಸಂಭವವುಂಟು.

ಓದುವುದು ಒಂದು, ವೃತ್ತಿಯ ಹಕ್ಕು ಇನ್ನೊಂದು. ಈ ಭೇದವನ್ನು ಕಾರ್ನೀಲಿಯಾ ಸೊರಾಬ್ಜಿ ಎಂಬ ಕ್ರೈಸ್ತ ಮಹಿಳೆಯಷ್ಟು ನೋವಿನಿಂದ ಅರಿತವರು ವಿರಳ. ಅರ್ಹತೆ ಪಡೆದಿದ್ದರೂ ಹೆಣ್ಣೆಂಬ ಕಾರಣಕ್ಕೆ ಅವರಿಗೆ ಸರಕಾರಿ ವಿದ್ಯಾರ್ಥಿವೇತನ ತಪ್ಪಿತು. ಇಂಗ್ಲೆಂಡಿನ ಹಿತೈಷಿಗಳು ಹಣ ಕೂಡಿಸಿ ಅವರನ್ನು ಆಕ್ಸ್‌ಫರ್ಡಿಗೆ ಸೇರಿಸಿದರು. 1892ರಲ್ಲಿ ಅವರು ಅಲ್ಲಿಯ ಕಾನೂನು ಪರೀಕ್ಷೆ ಬರೆದರು. ಪದವಿ ಕೈಗೆ ಬಂದುದು 1922ರಲ್ಲಿ! ಭಾರತದಲ್ಲಿ ಮಹಿಳೆಯರಿಗೆ ವಕೀಲಿ ವೃತ್ತಿಯ ಬಾಗಿಲನ್ನು ತೆರೆದ ಕಾಯಿದೆ ಬಂದುದು 1923ರಲ್ಲಿ.

ಇಂದಿನ ಅಡ್ಡಿ ಬೇರೆ ಬಗೆಯದು. 1961ರ ವಕೀಲರ ಕಾಯಿದೆಯಂತೆ ವಿದೇಶಿ ಕಾನೂನು ಪದವಿಗೆ ಇಲ್ಲಿ ಬೆಲೆ ಬರಬೇಕಾದರೆ ಅದಕ್ಕೆ ಭಾರತೀಯ ವಕೀಲರ ಪರಿಷತ್ತಿನ, ಅಂದರೆ ಬಾರ್ ಕೌನ್ಸಿಲ್ ಆಫ್ ಇಂಡಿಯಾದ, ಮಾನ್ಯತೆ ಬೇಕು. ಪರಿಷತ್ತಿನ 2008ರ ಕಾನೂನು ಶಿಕ್ಷಣ ನಿಯಮಗಳು ಬಯಸುವುದು ಪದವಿಯ ನಂತರದ ಮೂರು ವರ್ಷಗಳ, ಇಲ್ಲವೇ ಪಿಯುಸಿ ನಂತರದ ಐದು ವರ್ಷಗಳ ಕಾನೂನು ಶಿಕ್ಷಣವನ್ನು. ಪಿಯುಸಿ ಮುಗಿಸಿ ನೇರವಾಗಿ ಇಂಗ್ಲೆಂಡಿಗೆ ಹೋದವನು ಅಲ್ಲಿ ಓದುವುದು ಸಾಮಾನ್ಯವಾಗಿ ಮೂರೇ ವರ್ಷ. ಲೆಕ್ಕದಲ್ಲಿ ಎರಡು ವರ್ಷ ಕೊರತೆ. ಈ ಕೊರತೆಯನ್ನು ತುಂಬಲು ಇಲ್ಲಿ ಪೂರಕ ಕೋರ್ಸ್ ಮಾಡಬೇಕೆಂದು ಪರಿಷತ್ತು ವಿಧಿಸುತ್ತ ಬಂದಿದೆ. ವಿದೇಶಿ ಪದವೀಧರರಿಗೆಂದು ಪರಿಷತ್ತು ನಡೆಸುವ ಅರ್ಹತಾ ಪರೀಕ್ಷೆಯೂ ಇದೆ. ಪದವೀಧರರಿಗಾಗಿ ಎರಡೇ ವರ್ಷಗಳಲ್ಲಿ ಮುಗಿಯುವ ಎಲ್‌ಎಲ್‌.ಬಿ. ಕೂಡ ಇಂಗ್ಲೆಂಡಿನಲ್ಲಿ ದೊರೆಯುತ್ತದೆ. ಮೂರು ವರ್ಷಗಳ ಷರತ್ತಿಗೆ ಅದು ಹೊಂದುವುದೇ ಎಂದು ವಿಚಾರಿಸದೆ ಸೇರಕೂಡದು. ಆಯ್ದ ವಿಶ್ವವಿದ್ಯಾಲಯಕ್ಕೆ, ಆಯ್ದ ಕೋರ್ಸಿಗೆ ಮಾನ್ಯತೆ ಇದೆಯೇ ಎಂದು ಪರಿಷತ್ತಿಗೇ ಬರೆದು ಲಿಖಿತ ಉತ್ತರ ಪಡೆಯಬೇಕು. ಏಜೆಂಟರ ಬಾಯಿಮಾತು ಸಾಲದು. ಅವರಲ್ಲಿ ಅನೇಕರಿಗೆ ಕಮಿಷನ್ ಸಲ್ಲುವುದು ವಿಶ್ವವಿದ್ಯಾಲಯಗಳಿಂದಲೇ ಎಂಬುದನ್ನು ಮರೆಯಬಾರದು.

ಅಲ್ಲೇ ನೆಲೆಸಿ ಸಾಲಿಸಿಟರ್ ಆಗುವ ಹಂಬಲವಿದ್ದರೆ ದಾರಿ ಇನ್ನೊಂದು. 2021ರಲ್ಲಿ ಜಾರಿಗೆ ಬಂದ ವ್ಯವಸ್ಥೆಯಂತೆ ಎರಡು ಭಾಗಗಳ ಅರ್ಹತಾ ಪರೀಕ್ಷೆಯನ್ನು ದಾಟಿ, ಎರಡು ವರ್ಷಗಳ ಕಾನೂನು ಕೆಲಸದ ಅನುಭವವನ್ನೂ ತೋರಿಸಬೇಕು. ಓದು ಮುಗಿಸಿದ ವಿದೇಶಿ ಪದವೀಧರರು ಅಲ್ಲಿಯೇ ಉಳಿದು ದುಡಿಯಲು ಈವರೆಗೆ ಇದ್ದ ಎರಡು ವರ್ಷಗಳ ವೀಸಾ, 2027ರ ಜನವರಿ 1ರಿಂದ ಸಲ್ಲಿಸುವ ಅರ್ಜಿಗಳಿಗೆ 18 ತಿಂಗಳಿಗೆ ಇಳಿಯಲಿದೆ. ಅನುಭವಕ್ಕೆ 24 ತಿಂಗಳು, ವೀಸಾ 18 ತಿಂಗಳು. ಉಳಿದುದನ್ನು ಓದುವಾಗಲೇ ಗಳಿಸಬೇಕು, ಇಲ್ಲವೇ ವೀಸಾಕ್ಕೆ ಪ್ರಾಯೋಜಕರಾಗಬಲ್ಲ ಸಂಸ್ಥೆಯೊಂದು ಸಿಗಬೇಕು.

ಇನ್ನು ಅರ್ಜಿಯ ವಿಷಯ. ಅದೇನೂ ಕಠಿಣವಲ್ಲ. ಯೂಕಾಸ್ ಎಂಬ ಒಂದೇ ಕೇಂದ್ರದ ಮೂಲಕ ಐದು ಆಯ್ಕೆಗಳಿಗೆ ಅರ್ಜಿ ಹಾಕಬಹುದು. ಆಕ್ಸ್‌ಫರ್ಡ್ ಮತ್ತು ಕೇಂಬ್ರಿಡ್ಜ್‌ಗಳಿಗೆ ಅಕ್ಟೋಬರ್ 15 ಕೊನೆಯ ದಿನ; ಒಂದೇ ವರ್ಷ ಇವೆರಡಕ್ಕೂ ಅರ್ಜಿ ಹಾಕುವಂತಿಲ್ಲ. ಇವೆರಡೂ, ಇನ್ನೂ ಕೆಲವು ಪ್ರಸಿದ್ಧ ವಿಶ್ವವಿದ್ಯಾಲಯಗಳೂ, ಎಲ್‌ನ್ಯಾಟ್ ಎಂಬ ಪರೀಕ್ಷೆಯನ್ನು ಕಡ್ಡಾಯ ಮಾಡಿವೆ: 95 ನಿಮಿಷಗಳಲ್ಲಿ 42 ಪ್ರಶ್ನೆಗಳು, ಬಳಿಕ 40 ನಿಮಿಷಗಳ ಒಂದು ಪ್ರಬಂಧ. ಇದರಲ್ಲಿ ಕಾನೂನಿನ ಜ್ಞಾನವನ್ನು ಕೇಳುವುದಿಲ್ಲ. ಬರಹಗಾರನ ವಾದವೇನು, ಅವನು ಹೇಳದೆ ಊಹಿಸಿಕೊಂಡದ್ದೇನು ಎಂದು ಬಿಡಿಸಿ ನೋಡುವ ಶಕ್ತಿಯನ್ನು ಅಳೆಯುತ್ತಾರೆ. ತರ್ಕಶಾಸ್ತ್ರವನ್ನು ನಿರುಪಯೋಗಿ ಎಂದು ನಗುವವರಿಗೆ ಈ ಪ್ರಶ್ನೆಪತ್ರಿಕೆಯನ್ನು ತೋರಿಸಬೇಕೆನಿಸುತ್ತದೆ! ಬಾಯಿಪಾಠದಲ್ಲಿ ಪಳಗಿದ ನಮ್ಮ ಮಕ್ಕಳು ಎಡವುವುದು ಇಂತಹ ಕಡೆಯೇ. ದಿನಪತ್ರಿಕೆಯ ಸಂಪಾದಕೀಯವನ್ನು ಓದಿ ಮನೆಯಲ್ಲಿ ವಾದಿಸುವುದು ಇದಕ್ಕೆ ಒಳ್ಳೆಯ ಅಭ್ಯಾಸ.

ಹಣದ ಮಾತಿಗೆ ಬಂದರೆ, ವಿದೇಶಿ ವಿದ್ಯಾರ್ಥಿಗಳ ಶುಲ್ಕ ಅಲ್ಲಿಯವರು ಕೊಡುವುದಕ್ಕಿಂತ ಬಹಳ ಹೆಚ್ಚು. ಮೊದಲ ವರ್ಷದ ಶುಲ್ಕದ ಬಾಕಿಯನ್ನೂ ಒಂಬತ್ತು ತಿಂಗಳ ಜೀವನವೆಚ್ಚವನ್ನೂ ಸತತ 28 ದಿನ ಬ್ಯಾಂಕಿನಲ್ಲಿ ತೋರಿಸಬೇಕೆಂಬುದು ವೀಸಾ ನಿಯಮ. ಆರೋಗ್ಯ ಸೇವೆಗೆಂದು 2024ರಿಂದ ವರ್ಷಕ್ಕೆ 776 ಪೌಂಡುಗಳ ಶುಲ್ಕವೂ ಸೇರಿದೆ. ಅಲ್ಪಸಂಖ್ಯಾತ ವಿದ್ಯಾರ್ಥಿಗಳ ವಿದೇಶ ವ್ಯಾಸಂಗದ ಸಾಲಕ್ಕೆ ಬಡ್ಡಿ ಭರಿಸುತ್ತಿದ್ದ ಕೇಂದ್ರ ಸರಕಾರದ 'ಪಢೋ ಪರದೇಶ್' ಯೋಜನೆಯನ್ನು ನೆಚ್ಚಿ ಸಾಲಕ್ಕೆ ಕೈಹಾಕುವವರು ಇನ್ನೂ ಇದ್ದರೆ ಗಮನಿಸಬೇಕು: 2022-23ರಿಂದ ಅದನ್ನು ನಿಲ್ಲಿಸಲಾಗಿದೆ.

ನಮ್ಮನ್ನು ಕೇಳಿದರೆ, ಭಾರತದಲ್ಲಿ ವಕೀಲಿ ನಡೆಸುವ ಇಚ್ಛೆಯುಳ್ಳವರು ಇಲ್ಲಿಯೇ ಐದು ವರ್ಷ ಓದಿ, ವಕೀಲರಾಗಿ ನೋಂದಾಯಿಸಿಕೊಂಡು, ಆಮೇಲೆ ಒಂದು ವರ್ಷದ ಎಲ್‌ಎಲ್‌.ಎಂ.ಗೆ ಹೊರಡುವುದು ಜಾಣತನ. ಇಲ್ಲಿಯ ಹಕ್ಕು ಕೈಯಲ್ಲಿಯೇ ಉಳಿಯುತ್ತದೆ, ಮೂರು ವರ್ಷದ ಖರ್ಚು ಒಂದಕ್ಕೆ ಇಳಿಯುತ್ತದೆ. ಚೀವ್ನಿಂಗ್, ಕಾಮನ್‌ವೆಲ್ತ್, ರೋಡ್ಸ್, ಇನ್‌ಲಾಕ್ಸ್ ಮೊದಲಾದ ವಿದ್ಯಾರ್ಥಿವೇತನಗಳಲ್ಲಿ ಹೆಚ್ಚಿನವು ದೊರೆಯುವುದೂ ಪದವಿ ಮುಗಿಸಿದವರಿಗೇ. ಚೀವ್ನಿಂಗ್ ಪಡೆಯಲು ಎರಡು ವರ್ಷಗಳ ಕೆಲಸದ ಅನುಭವ ಬೇಕು. ಓದಿ ಮುಗಿಸಿ ಸ್ವದೇಶಕ್ಕೆ ಮರಳಿ ಎರಡು ವರ್ಷವಾದರೂ ಇಲ್ಲಿರಬೇಕು. ಅಧ್ಯಾಪಕರಾಗಬಯಸುವವರು ಮಾತ್ರ ಒಂದು ವರ್ಷದ ವಿದೇಶಿ ಎಲ್‌ಎಲ್‌.ಎಂ.ಗೆ ಇಲ್ಲಿ ಸಮಾನತೆ ದೊರೆಯುವುದೇ ಎಂದು ಮುಂಚೆಯೇ ತಿಳಿದುಕೊಳ್ಳತಕ್ಕದ್ದು.

ಪಿಯುಸಿ ನಂತರವೇ ಹೋಗಬೇಕೆಂದು ನಿಶ್ಚಯಿಸಿದವರನ್ನು ನಾವು ತಡೆಯುವವರಲ್ಲ. ಅಂಥ ಹೆತ್ತವರು ಪಹಣಿ ಪತ್ರವನ್ನು ಬ್ಯಾಂಕಿಗೆ ಒಯ್ಯುವ ಮೊದಲೇ ಮಗನನ್ನೋ ಮಗಳನ್ನೋ ಜೊತೆಗೆ ಕರೆದುಕೊಂಡು ಒಂದು ಸಂಜೆ ಬಂದರೆ, ವಕೀಲರ ಪರಿಷತ್ತಿಗೆ ಬರೆಯಬೇಕಾದ ಪತ್ರವನ್ನು ಒಟ್ಟಿಗೆ ಕುಳಿತು ಸಿದ್ಧಪಡಿಸಬಹುದು.