"ಅಪ್ಪನಿಗೆ ಬೀಡಿ ಕೊಡಿ ಅಂಕಲ್": ಪೋಷಕರು, ಅಂಗಡಿಯವರು ತಿಳಿದಿರಬೇಕಾದ ವಿಷಯ

ಕೋಲಾರ: "ಹೋಗಪ್ಪಾ, ಅಂಗಡೀಲಿ ಒಂದು ಕಟ್ಟು ಬೀಡಿ ತಗೊಂಡು ಬಾ." ನಮ್ಮ ಹಳ್ಳಿಗಳಲ್ಲಿ ಇದು ಮಾಮೂಲಿ ಮಾತು. ಮಗ ತರ್ತಾನೆ, ಅಂಗಡಿಯವರೂ ಕೊಡ್ತಾರೆ. ಆದರೆ ಇಲ್ಲಿ ತಪ್ಪು ಇಬ್ಬರದ್ದೂ ಇದೆ.

ಕಾನೂನು ಏನು ಹೇಳುತ್ತೆ?
ರಾಜ್ಯದಲ್ಲಿ 2025ರಲ್ಲಿ ಜಾರಿಗೆ ಬಂದ ತಿದ್ದುಪಡಿಯಂತೆ 21 ವರ್ಷದೊಳಗಿನವರಿಗೆ ತಂಬಾಕು ಮಾರುವಂತಿಲ್ಲ. ಶಾಲೆ, ಕಾಲೇಜಿನಿಂದ 100 ಮೀಟರ್ ಒಳಗೂ ಮಾರುವಂತಿಲ್ಲ. "ಅಪ್ಪನಿಗೆ ಅಂದ" ಎಂಬ ಸಬೂಬು ನಡೆಯಲ್ಲ. ಮಕ್ಕಳಿಗೆ ಮದ್ಯ, ಮಾದಕ ವಸ್ತು, ತಂಬಾಕು ಕೊಟ್ಟರೆ 2015ರ ಬಾಲನ್ಯಾಯ ಕಾಯ್ದೆಯ 77ನೇ ಕಲಂ ಪ್ರಕಾರ 7 ವರ್ಷದವರೆಗೆ ಕಠಿಣ ಜೈಲು, 1 ಲಕ್ಷ ರೂ.ವರೆಗೆ ದಂಡ.

ಏನು ಗಮನಿಸಬೇಕು?
ಶ್ರೀನಿವಾಸಪುರದಲ್ಲಿ ಮಾವಿನ ಸೀಜನ್, ಕೋಲಾರದಲ್ಲಿ ಟೊಮೆಟೊ ಮಂಡಿ, ಮಾಲೂರಿನಲ್ಲಿ ಕಾರ್ಖಾನೆ ಕೆಲಸ. ಹುಡುಗರ ಕೈಗೆ ಬೇಗ ಕಾಸು ಬರುತ್ತೆ. ದುಡ್ಡಿನ ಲೆಕ್ಕ ತಪ್ಪೋದು, ನಿದ್ದೆ ಕೆಡೋದು, ಹಳೇ ಗೆಳೆಯರನ್ನು ಬಿಡೋದು, ಶಾಲೆ ತಪ್ಪಿಸೋದು ಕಂಡರೆ ವಿಚಾರಿಸಿ. ಬಟ್ಟೆಯಲ್ಲಿ ವೈಟ್ನರ್, ಪಂಕ್ಚರ್ ಸೊಲ್ಯೂಷನ್ ವಾಸನೆ ಬಂದರೂ ಎಚ್ಚರ. ಹುಡುಗರು ಪದೇ ಪದೇ ಇವನ್ನೇ ಕೇಳಿದರೆ ಅಂಗಡಿಯವರು ಮನೆಗೊಂದು ಮಾತು ಹೇಳಿ. ಆದರೆ ಒಂದು ಲಕ್ಷಣ ನೋಡಿಯೇ ತೀರ್ಮಾನಕ್ಕೆ ಬರಬೇಡಿ.

ಹೇಗೆ ಮಾತಾಡಬೇಕು?
ನಾಲ್ಕು ಜನರ ಮುಂದೆ ಬೈಯ್ಯಬೇಡಿ, ಹೊಡೆಯಬೇಡಿ. ಹೊಡೆದರೆ ಮಗು ಚಟ ಬಿಡಲ್ಲ, ಬಚ್ಚಿಡೋದು ಕಲಿಯುತ್ತೆ. ತೋಟದಲ್ಲೋ ಗಾಡಿಯಲ್ಲೋ ಇಬ್ಬರೇ ಇದ್ದಾಗ ಕೇಳಿ: "ಯಾರಾದರೂ ಬಲವಂತ ಮಾಡ್ತಾರಾ ಮಗಾ? ಬೇಡ ಅನ್ನೋಕೆ ಕಷ್ಟ ಆದರೆ ನಮ್ಮಪ್ಪ ಬೈತಾರೆ ಅಂತ ನನ್ನ ಹೆಸರು ಹೇಳು." ನೀವೇ ಕುಡಿಯುವವರಾದರೆ ಸುಳ್ಳು ಬೇಡ. "ನಾನು ಬಿಡೋಕೆ ಒದ್ದಾಡ್ತಿದ್ದೀನಿ, ನಿನಗೆ ಈ ಪಾಡು ಬೇಡ" ಅನ್ನಿ. ಹೇಳಿದ ಮೇಲೆ ಬಿಡೋ ಪ್ರಯತ್ನವನ್ನೂ ಮಾಡಿ, ಮಕ್ಕಳು ನೋಡ್ತಿರ್ತಾರೆ.

ಸಹಾಯ ಎಲ್ಲಿ?
ಮರ್ಯಾದೆ ಹೋಗುತ್ತೆ, ಪೊಲೀಸ್ ಕೇಸಾಗುತ್ತೆ ಅಂತ ಮುಚ್ಚಿಟ್ಟಷ್ಟೂ ಚಿಕಿತ್ಸೆ ತಡವಾಗುತ್ತೆ. ಸೇವನೆ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ವ್ಯಸನಿ ತಾನಾಗಿಯೇ ಚಿಕಿತ್ಸೆಗೆ ಮುಂದಾದರೆ ಮಾದಕ ವಸ್ತು ಕಾಯ್ದೆಯ 64ಎ ಕಲಂ ರಕ್ಷಣೆ ಕೊಡುತ್ತೆ. ವ್ಯಸನಮುಕ್ತಿ ಸಹಾಯವಾಣಿ 14446, ಮಾನಸಿಕ ಆರೋಗ್ಯಕ್ಕೆ ಟೆಲಿ ಮಾನಸ್ 14416, ಮಕ್ಕಳ ಸಹಾಯವಾಣಿ 1098. ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಯಲ್ಲೂ ವಿಚಾರಿಸಬಹುದು. ಹೆಚ್ಚಿನ ಚಿಕಿತ್ಸೆಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸಾ ಕೇಂದ್ರವಿದೆ.

ಬೀಡಿ ಬೇಕೇ ಬೇಕು ಅಂದರೆ, ಇವತ್ತಿನಿಂದ ಅಂಗಡಿಗೆ ನೀವೇ ಹೋಗಿ.